ಸ್ಟೇಜ್‌ಗೆ ಸಿಂಥ್ ಸಜ್ಜುಗೊಳಿಸುವುದು: ಪ್ಯಾಚ್, ಸೀನ್, ಸೆಟ್‌ಲಿಸ್ಟ್

ಹಾಡು ನಡೆಯುತ್ತಿರುವಾಗ ಸಿಂಥ್, ಅಂದರೆ ಹಲವು ಬಗೆಯ ಸೌಂಡ್ ಕೊಡುವ ಎಲೆಕ್ಟ್ರಾನಿಕ್ ಕೀಬೋರ್ಡ್, ನುಡಿಸುವವರ ಕೈ ಮೆನುವಿನೊಳಗೆ ಹೋಗಬಾರದು. ಮುಂದಿನ ಸೌಂಡ್ ಬೇಕಾದಾಗ ಒಂದು ಗುಂಡಿ ಒತ್ತಿದರೆ, ಇಲ್ಲವೇ ಫುಟ್‌ಸ್ವಿಚ್ ತುಳಿದರೆ ಸಾಕು ಅನ್ನುವಂತಿರಬೇಕು. ಆ ಸ್ಥಿತಿ ತಾನಾಗಿ ಬರುವುದಿಲ್ಲ. ಅದರ ಕೆಲಸವೆಲ್ಲ ತಾಲೀಮಿಗೂ ಮೊದಲೇ ಮುಗಿದಿರಬೇಕು.

ಕೀಬೋರ್ಡ್ ಆನ್ ಮಾಡುವ ಮುನ್ನ ಒಂದು ಹಾಳೆ ತೆಗೆದುಕೊಂಡು ಪ್ರತಿ ಹಾಡಿಗೂ ಶ್ರುತಿ, ಟೆಂಪೊ, ಎಲ್ಲೆಲ್ಲಿ ಯಾವ ಸೌಂಡ್, ಯಾವ ಬಾರ್‌ನಲ್ಲಿ (ತಾಳದ ಒಂದು ಆವರ್ತ) ಬದಲಾವಣೆ ಎಂದು ಬರೆಯಿರಿ. ಬದಲಾಯಿಸಲು ಎಷ್ಟು ಸಮಯ ಸಿಗುತ್ತದೆ ಎಂಬ ಕಾಲಂ ಬಹಳ ಮುಖ್ಯ. ಇಂಟರ್‌ಲೂಡ್‌ನ ಸ್ಟ್ರಿಂಗ್ಸ್ ಮುಗಿದ ಮರುಬೀಟಿಗೇ ಚರಣದ ಎಲೆಕ್ಟ್ರಿಕ್ ಪಿಯಾನೊ ಬರಬೇಕಾದರೆ ಅಲ್ಲಿ ಗುಂಡಿ ಒತ್ತಲು ಕೈಗೆ ಬಿಡುವೇ ಇರುವುದಿಲ್ಲ. ಆ ಎರಡನ್ನೂ ಒಂದೇ ಸೀನ್‌ನಲ್ಲಿ (ಒಟ್ಟಿಗೆ ಉಳಿಸಿದ ಸೌಂಡ್‌ಗಳ ಜೋಡಣೆ) ಸ್ಪ್ಲಿಟ್ ಮಾಡಿ, ಅಂದರೆ ಕೀಗಳನ್ನು ವಲಯಗಳಾಗಿ ಹಂಚಿ, ಇಟ್ಟುಕೊಳ್ಳಬೇಕು.

61 ಕೀಗಳ ಕೀಬೋರ್ಡಿನಲ್ಲೂ ಮೂರು ವಲಯ ಆರಾಮಾಗಿ ಹಿಡಿಯುತ್ತವೆ. ಎಡಗಡೆಯ 24 ಕೀಗಳಿಗೆ ಪ್ಯಾಡ್ (ಹಿನ್ನೆಲೆಯಲ್ಲಿ ಉದ್ದಕ್ಕೆ ಹರಡುವ ನಾದ), ನಡುವಿನ 24ಕ್ಕೆ ಪಿಯಾನೊ ಅಥವಾ ಲೀಡ್ (ಮುಖ್ಯ ರಾಗ ನುಡಿಸುವ ಸೌಂಡ್), ಕೊನೆಯ 13ಕ್ಕೆ ಬೆಲ್ ಅಥವಾ ಒಮ್ಮೆ ಬಾರಿಸುವ ಎಫೆಕ್ಟ್. ಪ್ರತಿ ವಲಯದ ಆಕ್ಟೇವನ್ನು ಬೇರೆಬೇರೆಯಾಗಿ ಸರಿಪಡಿಸಿ; ಇಲ್ಲದಿದ್ದರೆ ಎಡಗೈಯ ಪ್ಯಾಡ್ ಬೇಸ್ ಗಿಟಾರಿನ ಮೇಲೆ ಹೋಗಿ ಕೂರುತ್ತದೆ. ಸ್ಪ್ಲಿಟ್ ಬಿಂದುವನ್ನು ಹೆಸರು ಹಿಡಿದು ಹಾಕುವಾಗ ಒಂದು ಎಚ್ಚರಿಕೆ: ಮಿಡಿಯಲ್ಲಿ (ವಾದ್ಯಗಳು ಪರಸ್ಪರ ಸಂದೇಶ ಕಳಿಸುವ ಡಿಜಿಟಲ್ ಭಾಷೆ) ನೋಟ್ 60 ಆದ ಮಿಡಲ್ ಸಿಯನ್ನು ಯಮಹಾ ಸಿ3 ಎನ್ನುತ್ತದೆ, ರೋಲ್ಯಾಂಡ್ ಮತ್ತು ಕಾರ್ಗ್ ಸಿ4 ಎನ್ನುತ್ತವೆ. ಒಬ್ಬರ ಚಾರ್ಟ್ ಇನ್ನೊಬ್ಬರ ಕೀಬೋರ್ಡಿಗೆ ಹೋದಾಗ ಸ್ಪ್ಲಿಟ್ ಒಂದು ಆಕ್ಟೇವ್ ಸರಿಯುವುದು ಇದರಿಂದಲೇ.

ಮುಂದಿನದು ಸೌಂಡ್ ಉಳಿಸುವ ಕ್ರಮ. ಫ್ಯಾಕ್ಟರಿ ಪ್ಯಾಚನ್ನು, ಅಂದರೆ ಕಂಪನಿಯೇ ಹಾಕಿಕೊಟ್ಟ ಸೌಂಡನ್ನು, ನೇರವಾಗಿ ಬಳಸಬೇಡಿ. ಪ್ರತಿ ಹಾಡಿಗೂ ಅದರ ನಕಲು ಮಾಡಿ ಯೂಸರ್ ಬ್ಯಾಂಕ್‌ನಲ್ಲಿ (ನಿಮ್ಮ ಸೌಂಡ್‌ಗಳಿಗೆ ಮೀಸಲಾದ ಜಾಗ) ಇಡಿ. ಎರಡು ಹಾಡಿಗೆ ಒಂದೇ ಪಿಯಾನೊ ಸಾಕು ಅನ್ನಿಸಿದರೂ ಎರಡು ನಕಲು ಇರಲಿ. ಹಂಚಿಕೊಂಡ ಪ್ಯಾಚ್ ಒಂದೇ ಆಗಿದ್ದರೆ, ಒಂದು ಹಾಡಿಗಾಗಿ ರಿವರ್ಬ್ (ಪ್ರತಿಧ್ವನಿಯಂಥ ಎಫೆಕ್ಟ್) ಹೆಚ್ಚಿಸಿ ಸೇವ್ ಮಾಡಿದ ಕೂಡಲೇ ಇನ್ನೊಂದು ಹಾಡೂ ಕೆಡುತ್ತದೆ, ಅದು ಗೊತ್ತಾಗುವುದು ಸ್ಟೇಜ್ ಮೇಲೆ. ಹೆಸರಿನಲ್ಲಿ ಹಾಡಿನ ಮೊಟಕು ರೂಪ ಮತ್ತು ಭಾಗ ಇರಲಿ, ಕ್ರಮಸಂಖ್ಯೆ ಬೇಡ. ಹಾಡುಗಳ ಕ್ರಮ ಪ್ರತಿ ಕಾರ್ಯಕ್ರಮಕ್ಕೂ ಬದಲಾಗುತ್ತದೆ, ಆಗ ಹೆಸರಿನೊಳಗಿನ ಸಂಖ್ಯೆ ಸುಳ್ಳಾಗುತ್ತದೆ. ಹೆಚ್ಚಿನ ಕೀಬೋರ್ಡುಗಳು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ತೋರಿಸುತ್ತವೆ. ಹಾಗಾಗಿ ಕತ್ತಲಲ್ಲೂ ಒಂದೇ ನೋಟಕ್ಕೆ ತಿಳಿಯುವ ಚಿಕ್ಕ ಹೆಸರನ್ನೇ ಆರಿಸಿ.

ಹಾಡುಗಳ ಕ್ರಮವನ್ನು ಹೊರುವುದು ಸೆಟ್‌ಲಿಸ್ಟಿನ, ಅಂದರೆ ಯಾವುದಾದ ಮೇಲೆ ಯಾವ ಸೌಂಡ್ ಎಂಬ ಪಟ್ಟಿಯ, ಕೆಲಸ. ಯಮಹಾದಲ್ಲಿ ಇದು ಲೈವ್ ಸೆಟ್, ರೋಲ್ಯಾಂಡ್ ಫ್ಯಾಂಟಮ್‌ನಲ್ಲಿ ಸೀನ್ ಚೈನ್, ಕಾರ್ಗ್‌ನಲ್ಲಿ ಸೆಟ್ ಲಿಸ್ಟ್. ಕಾರ್ಗ್ ಕ್ರೋನೋಸ್‌ನಲ್ಲಿ ಇಂಥ 128 ಪಟ್ಟಿಗಳಿವೆ, ಒಂದೊಂದರಲ್ಲಿ 128 ಖಾನೆ, ಅಂದರೆ ಸ್ಲಾಟ್‌. ಸ್ಲಾಟ್‌ನಲ್ಲಿ ಸಾಮಾನ್ಯವಾಗಿ ಸೌಂಡ್ ಇರುವುದಿಲ್ಲ, ಅದು ಎಲ್ಲಿದೆ ಎಂಬ ಗುರುತು ಮಾತ್ರ ಇರುತ್ತದೆ. ಆದ್ದರಿಂದ ಸೆಟ್‌ಲಿಸ್ಟ್ ಕಟ್ಟಿದ ಮೇಲೆ ಯೂಸರ್ ಬ್ಯಾಂಕ್‌ನಲ್ಲಿ ಪ್ಯಾಚ್‌ಗಳನ್ನು ಅತ್ತಿಂದಿತ್ತ ಸರಿಸಬೇಡಿ. ಗುರುತು ಹಳೆಯ ಜಾಗವನ್ನೇ ತೋರಿಸುತ್ತಾ ಬೇರೆ ಯಾವುದೋ ಸೌಂಡ್ ಎತ್ತಿ ಕೊಡಬಹುದು. ಹಾಡುಗಳ ನಡುವೆ ಒಂದೆರಡು ಖಾಲಿ ಸ್ಲಾಟ್ ಬಿಟ್ಟರೆ ಕೊನೆ ಗಳಿಗೆಯಲ್ಲಿ ಹಾಡು ಸೇರಿಸಲು ಜಾಗವಿರುತ್ತದೆ. ಮೊದಲ ಸ್ಲಾಟ್‌ನಲ್ಲಿ ಸಾದಾ ಪಿಯಾನೊ ಜೊತೆಗೆ ಪ್ಯಾಡ್ ಇರಲಿ. ಏನೇ ಕೈಕೊಟ್ಟರೂ ಯಾವ ಹಾಡನ್ನಾದರೂ ಅದರಲ್ಲಿ ದಾಟಿಸಬಹುದು.

ಸೌಂಡ್ ಬದಲಿಸುವಾಗ ಹಿಂದಿನ ನಾದ ಕಚಕ್ಕನೆ ಕತ್ತರಿಸಿ ಹೋಗುವುದು ಹಳೆಯ ಕಾಯಿಲೆ. ಹೊಸ ಸೀನ್ ಬಂದಾಗ ಅದರ ಎಫೆಕ್ಟ್‌ಗಳೂ ಲೋಡ್ ಆಗುತ್ತವೆ, ಹಳೆಯ ರಿವರ್ಬ್ ಬಾಲ ಅಲ್ಲಿಗೇ ಸಾಯುತ್ತದೆ. ಈಗಿನ ಕೀಬೋರ್ಡುಗಳು ಹಳೆಯ ಸೌಂಡನ್ನು ಮುಗಿಯುವ ತನಕ ಹಿಡಿದಿಡುತ್ತವೆ, ಆದರೆ ಮಿತಿಯೊಳಗೆ: ಯಮಹಾ ಮೊಂಟಾಜ್‌ನಲ್ಲಿ 8 ಪಾರ್ಟ್‌ವರೆಗಿನ (ಪಾರ್ಟ್ ಎಂದರೆ ಒಳಗಿನ ಒಂದೊಂದು ಸೌಂಡ್) ಪರ್ಫಾರ್ಮೆನ್ಸ್ ಎಂಬ ಸೌಂಡ್ ಜೋಡಣೆಗೆ, ಮೊಡೆಕ್ಸ್‌ನಲ್ಲಿ 4 ಪಾರ್ಟ್‌ವರೆಗಿನದಕ್ಕೆ ಮಾತ್ರ. ಒಂದರ ಮೇಲೊಂದು ಸೌಂಡ್ (ಲೇಯರ್) ಪೇರಿಸಿದರೆ ಸೌಲಭ್ಯ ಸದ್ದಿಲ್ಲದೆ ಕೈಬಿಡುತ್ತದೆ. ಈ ಸೌಲಭ್ಯವೇ ಇಲ್ಲದ ಕೀಬೋರ್ಡಾದರೆ ಎರಡು ಸೌಂಡನ್ನೂ ಒಂದೇ ಸೀನ್‌ಗೆ ಹಾಕಿ, ಪಾರ್ಟ್ ಮ್ಯೂಟ್ ಗುಂಡಿಯಿಂದಲೋ ಎಡಗಡೆಯ ಮಾಡ್ ವೀಲ್ ಎಂಬ ಚಕ್ರದಿಂದಲೋ ಒಂದರಿಂದ ಇನ್ನೊಂದಕ್ಕೆ ಹೋಗಿ.

ಮಟ್ಟ ಸರಿಹೊಂದಿಸುವುದಕ್ಕೆ ಸೌಂಡ್ ಆಯ್ಕೆಗಿಂತ ಹೆಚ್ಚು ಸಮಯ ಕೊಡಬೇಕು. ಸೌಂಡ್ ಇಂಜಿನಿಯರ್‌ಗೆ ನಿಮ್ಮ ಕೀಬೋರ್ಡಿಗೆಂದು ಒಂದೇ ಫೇಡರ್ (ಮಟ್ಟ ಏರಿಳಿಸುವ ಜಾರುಗುಂಡಿ) ಇರುತ್ತದೆ. ನಿಮ್ಮ ಪ್ಯಾಡ್ ಕೇಳಿಸದೆ, ಮರುಕ್ಷಣ ಬ್ರಾಸ್ ಕಿವಿ ಕೊರೆದರೆ ಅವರು ಫೇಡರ್ ಇಳಿಸುತ್ತಾರೆ, ಆಮೇಲೆ ಪಿಯಾನೊ ಕಳೆದುಹೋಗುತ್ತದೆ. ಒಂದು ಪಿಯಾನೊ ಪ್ಯಾಚನ್ನು ಅಳತೆಗೋಲು ಮಾಡಿಕೊಳ್ಳಿ. ಜೋರಾಗಿ ನುಡಿಸಿದಾಗ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಉಳಿದ ಪ್ರತಿ ಸೌಂಡನ್ನೂ ಅದರ ಪಕ್ಕದಲ್ಲಿಟ್ಟು ಕಿವಿಯಿಂದ ಹೋಲಿಸಿ, ಹಾಡಿನಲ್ಲಿ ನುಡಿಸುವ ಅದೇ ಸ್ವರಗಳನ್ನು ಅದೇ ಒತ್ತಿನಲ್ಲಿ ನುಡಿಸಿ. ಈ ಕೆಲಸವನ್ನು ಹೆಡ್‌ಫೋನಿನಲ್ಲಿ, ಕಡಿಮೆ ವಾಲ್ಯೂಮ್‌ನಲ್ಲಿ ಮಾಡಿದರೆ ಲೆಕ್ಕ ತಪ್ಪುತ್ತದೆ: ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಇನ್ನೂ ಮೆತ್ತಗೆ ಕೇಳುತ್ತವೆ, ಹಾಗಾಗಿ ಬೇಸ್ ಸೌಂಡನ್ನು ಏರಿಸಿಬಿಡುತ್ತೇವೆ. ಸ್ಟೇಜ್‌ನ ಜೋರಿನಲ್ಲಿ ಅದು ಗುಡುಗುತ್ತದೆ. ತಾಲೀಮಿನಲ್ಲಿ ಸ್ಪೀಕರ್ ಮೂಲಕ, ಬ್ಯಾಂಡಿನ ಜೊತೆಯೇ ಸರಿಪಡಿಸಿ. ಒಂಟಿಯಾಗಿ ಕೇಳುವಾಗ ಸೊಗಸಾದ ರಿವರ್ಬ್ ಅಲ್ಲಿ ಕೆಸರಾಗುತ್ತದೆ. ಅದನ್ನು ಅರ್ಧಕ್ಕೆ ಇಳಿಸಿ ಶುರು ಮಾಡುವುದು ಒಳ್ಳೆಯದು.

ಹಾಗೆಯೇ ಮೋನೊದಲ್ಲಿ, ಅಂದರೆ ಎಡ-ಬಲ ಎರಡೂ ಬದಿ ಒಂದಾಗಿ ಬೆರೆತಾಗ, ಕೇಳಿ ನೋಡಿ. ಎಷ್ಟೋ ಕಡೆ ಸ್ಪೀಕರ್ ವ್ಯವಸ್ಥೆ ಮೋನೊ ಆಗಿರುತ್ತದೆ. ಅಗಲವಾದ ಸ್ಟೀರಿಯೊ ಪಿಯಾನೊ, ದಟ್ಟ ಕೋರಸ್ ಎಫೆಕ್ಟ್ ಹಾಕಿದ ಪ್ಯಾಡ್ ಮೋನೊಗೆ ಬಂದಾಗ ಎರಡು ಬದಿಯ ಅಲೆಗಳು ಒಂದನ್ನೊಂದು ಕಳೆದು ಸೊರಗುತ್ತವೆ. ಅಂಥ ಜಾಗದಲ್ಲಿ ಮೋನೊ ಪಿಯಾನೊ ಪ್ಯಾಚೇ ಗಟ್ಟಿ.

ಎರಡು ಕೀಬೋರ್ಡ್ ಇದ್ದರೆ ಒಂದು ಮತ್ತೊಂದನ್ನು ಬದಲಿಸಲಿ. ಮೇಲಿನದರ ಸೀನ್ ಬದಲಾದಾಗ ಮಿಡಿ ಮೂಲಕ ಕೆಳಗಿನದಕ್ಕೂ ಆದೇಶ ಹೋಗಬೇಕು. ಅದರ ಕ್ರಮ: ಮೊದಲು ಬ್ಯಾಂಕ್ ಆರಿಸುವ ಬ್ಯಾಂಕ್ ಸೆಲೆಕ್ಟ್ ಸಿಸಿ 0 (ಸಿಸಿ ಎಂದರೆ ಕಂಟ್ರೋಲ್ ಚೇಂಜ್ ಎಂಬ ಮಿಡಿ ಸಂದೇಶ), ನಂತರ ಸಿಸಿ 32, ಕೊನೆಗೆ ಪ್ಯಾಚ್ ಆರಿಸುವ ಪ್ರೋಗ್ರಾಂ ಚೇಂಜ್. ಪ್ರೋಗ್ರಾಂ ಚೇಂಜ್ ತಲುಪುವ ತನಕ ಬ್ಯಾಂಕ್ ಸೆಲೆಕ್ಟ್‌ನಿಂದ ಸೌಂಡ್ ಬದಲಾಗುವುದಿಲ್ಲ. ಪಕ್ಕದ ಪ್ಯಾಚ್ ಬರುತ್ತಿದೆಯೆಂದರೆ ಎಣಿಕೆ ನೋಡಿ: ಮಿಡಿಯೊಳಗೆ ಸಂಖ್ಯೆ 0ಯಿಂದ 127, ಕೆಲವು ಪರದೆಗಳಲ್ಲಿ 1ರಿಂದ 128. ಏನೂ ಆಗದಿದ್ದರೆ ಎರಡರ ಮಿಡಿ ಚಾನೆಲ್ ಒಂದಕ್ಕೊಂದು ಹೊಂದಿದೆಯೇ, ಪ್ರೋಗ್ರಾಂ ಚೇಂಜ್ ಸ್ವೀಕರಿಸುವ ಸೆಟ್ಟಿಂಗ್ ಆನ್ ಇದೆಯೇ ನೋಡಿ.

ಸ್ವರ ನಿಲ್ಲದೆ ಮೊರೆಯುತ್ತಿದ್ದರೆ ನೋಟ್ ಆಫ್ ಸಂದೇಶ ತಲುಪಿಲ್ಲ ಎಂದರ್ಥ. ಕೀ ಒತ್ತಿ ಹಿಡಿದಿರುವಾಗಲೇ ಟ್ರಾನ್ಸ್‌ಪೋಸ್ (ಶ್ರುತಿ ಸರಿಸುವ ಸೆಟ್ಟಿಂಗ್) ಅಥವಾ ಚಾನೆಲ್ ಬದಲಿಸಿದಾಗ ಹೀಗಾಗುವುದುಂಟು. ಎಲ್ಲ ಸ್ವರಗಳನ್ನೂ ನಿಲ್ಲಿಸುವ ಪ್ಯಾನಿಕ್ ಗುಂಡಿ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವಂತಿರಬೇಕು. ಅದಿಲ್ಲದಿದ್ದರೆ ಸಿಸಿ 123 (ಎಲ್ಲ ಸ್ವರ ನಿಲ್ಲಿಸು ಎಂಬ ಸಂದೇಶ) ಕಳಿಸುವಂತೆ ಒಂದು ಗುಂಡಿ ಹೊಂದಿಸಿ. ಸಸ್ಟೇನ್ (ಕೀ ಬಿಟ್ಟರೂ ಸ್ವರವನ್ನು ಹಿಡಿದಿಡುವ ಪೆಡಲ್) ಅಂಟಿಕೊಂಡಿದ್ದರೆ ಪೆಡಲನ್ನೊಮ್ಮೆ ಒತ್ತಿ ಬಿಡಿ.

ಪೆಡಲ್‌ಗಳ ವಿಷಯದಲ್ಲಿ ಮೂರು ಮಾತು. ಸಸ್ಟೇನ್ ತಿರುಗುಮುರುಗಾಗಿ ಕೆಲಸ ಮಾಡಿದರೆ ಪೋಲಾರಿಟಿ (ಒತ್ತು-ಬಿಡು ಸಂಕೇತದ ದಿಕ್ಕು) ಬೇರೆ. ಪೆಡಲಿನ ಅಡಿಯ ಸ್ವಿಚ್ ಅಥವಾ ಕೀಬೋರ್ಡಿನ ಸೆಟ್ಟಿಂಗ್ ಬದಲಿಸಿ. ಆನ್ ಮಾಡುವ ಹೊತ್ತಿಗೆ ಪೆಡಲ್ ಸಿಕ್ಕಿಸಿರಲಿ, ಕಾಲು ಅದರ ಮೇಲಿರದಿರಲಿ, ಏಕೆಂದರೆ ಅನೇಕ ಕೀಬೋರ್ಡುಗಳು ಆ ಕ್ಷಣದ ಸ್ಥಿತಿಯನ್ನೇ "ಬಿಟ್ಟ ಸ್ಥಿತಿ" ಎಂದುಕೊಳ್ಳುತ್ತವೆ. ಸದ್ದನ್ನು ಏರಿಳಿಸುವ ಎಕ್ಸ್‌ಪ್ರೆಶನ್ ಪೆಡಲ್ ಇನ್ನೂ ಸೂಕ್ಷ್ಮ: ವೈರಿಂಗ್ ಕಂಪನಿಯಿಂದ ಕಂಪನಿಗೆ ಬೇರೆ. ಮೇಲಾಗಿ ಸೀನ್ ಬದಲಾದಾಗ ಪೆಡಲ್ ಅಲುಗಿಸುವ ತನಕ ಸೀನ್‌ನಲ್ಲಿ ಉಳಿಸಿದ ಮಟ್ಟವೇ ನಡೆಯಬಹುದು. ನೀವು ಮೆಲ್ಲಗೆ ನುಡಿಸಲು ಹೊರಟಾಗ ಸೌಂಡ್ ಪೂರ್ತಿ ಜೋರಾಗಿ ಸಿಡಿಯುವುದಕ್ಕೆ ಇದೇ ಕಾರಣ.

ಗಾಯಕರು ಶ್ರುತಿ ಇಳಿಸಿ ಎಂದರೆ ಗ್ಲೋಬಲ್ ಟ್ರಾನ್ಸ್‌ಪೋಸ್ ಮುಟ್ಟಬೇಡಿ. ಅದು ಮುಂದಿನ ಹಾಡಿಗೂ ಉಳಿದುಬಿಡುತ್ತದೆ. ಆ ಹಾಡಿನ ಸೀನ್‌ನೊಳಗೆ ಬದಲಿಸಿ ಸೇವ್ ಮಾಡಿ. ಡ್ರಮ್ ಅಥವಾ ಎಫೆಕ್ಟ್ ಕೂರಿಸಿದ ಕೀಗಳಿದ್ದರೆ ಆ ಪಾರ್ಟನ್ನು ಟ್ರಾನ್ಸ್‌ಪೋಸ್‌ನಿಂದ ಹೊರಗಿಡಿ.

ಲ್ಯಾಪ್‌ಟಾಪ್‌ನಲ್ಲಿ ಮೇನ್‌ಸ್ಟೇಜ್, ಗಿಗ್ ಪರ್ಫಾರ್ಮರ್ ಅಥವಾ ಕ್ಯಾಂಟಬೈಲ್ ಎಂಬ ಲೈವ್ ಸಾಫ್ಟ್‌ವೇರ್ ಬಳಸುವವರು ಇಡೀ ಸೆಟ್‌ನ ಸ್ಯಾಂಪಲ್‌ಗಳು (ವಾದ್ಯದ ಧ್ವನಿಮುದ್ರಿತ ತುಣುಕುಗಳು) ಮೊದಲೇ ಮೆಮೊರಿಗೆ ಬಂದಿವೆಯೇ ನೋಡಿಕೊಳ್ಳಿ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಸದ್ದು ಹೊರಡುವ ಮುನ್ನ ಒಟ್ಟುಗೂಡಿಸುವ ಡಿಜಿಟಲ್ ಅಂಶಗಳ ಗುಚ್ಛ) ಎಂದರೆ ಸುಮಾರು 2.7 ಮಿಲಿಸೆಕೆಂಡ್, ಬೆರಳಿಗೆ ತಡ ಅನ್ನಿಸುವುದಿಲ್ಲ. ಪಟಪಟ ಸದ್ದು ಬಂದರೆ 256ಕ್ಕೆ ಏರಿಸಿ. ವೈಫೈ, ಅಪ್‌ಡೇಟ್, ಸ್ಲೀಪ್ ಎಲ್ಲವೂ ಆಫ್. ಚಾರ್ಜರ್ ಸಿಕ್ಕಿಸಿದ ಕೂಡಲೇ ಹಮ್ ಎಂಬ ಗುಂಯ್‌ಗುಟ್ಟುವ ಸದ್ದು ಬಂದರೆ ಡಿಐ ಬಾಕ್ಸಿನ (ವಾದ್ಯದ ಸಿಗ್ನಲನ್ನು ಮಿಕ್ಸರಿಗೆ ಕಳಿಸುವ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪವರ್ ಪ್ಲಗ್ಗಿನ ಅರ್ಥ್ ಪಿನ್ ತೆಗೆಯುವ ಕೆಲಸಕ್ಕೆ ಎಂದೂ ಕೈ ಹಾಕಬೇಡಿ, ಅದು ಪ್ರಾಣಕ್ಕೆ ಎರವಾಗಬಹುದು.

ತಾಲೀಮಿನಲ್ಲಿ ಒಂದು ಸುತ್ತು ಹಾಡುಗಳ ನಡುವಿನ ದಾಟನ್ನೇ ಅಭ್ಯಾಸ ಮಾಡಿ: ಒಂದು ಹಾಡಿನ ಕೊನೆಯ ನಾಲ್ಕು ಬಾರ್, ಗುಂಡಿ ಒತ್ತುವುದು, ಮುಂದಿನದರ ಮೊದಲ ನಾಲ್ಕು ಬಾರ್. ತಪ್ಪಾದ ಸ್ಲಾಟ್ ಇಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಇಡೀ ಕೀಬೋರ್ಡಿನ ಬ್ಯಾಕಪ್ ಅನ್ನು ದಿನಾಂಕದ ಹೆಸರಿನಲ್ಲಿ ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದನ್ನು ಬೇರೆಯವರ ಬ್ಯಾಗಿನಲ್ಲಿಡಿ. ಬ್ಯಾಕಪ್ ವಾಪಸ್ ಲೋಡ್ ಆಗುತ್ತದೆಯೇ ಎಂದು ಒಮ್ಮೆಯಾದರೂ ಪರೀಕ್ಷಿಸಿರಬೇಕು. ಕಾರ್ಯಕ್ರಮದ ವಾರದಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಬೇಡ.

ಸೌಂಡ್ ಚೆಕ್‌ನಲ್ಲಿ ನಿಮಗಿಷ್ಟವಾದ ಪ್ಯಾಚ್ ನುಡಿಸುತ್ತಾ ಕೂರದೆ ಮೂರನ್ನು ಕೇಳಿಸಿ: ಅತಿ ಜೋರಾದದ್ದು, ಅತಿ ಮೆತ್ತಗಿನದ್ದು, ಅತಿ ತಗ್ಗಿನ ಸ್ವರಗಳದ್ದು. ಇಂಜಿನಿಯರ್ ಗೇನ್ (ಒಳಬರುವ ಸಿಗ್ನಲ್‌ನ ಮಟ್ಟ) ಹಾಕಿದ ಮೇಲೆ ನಿಮ್ಮ ಮಾಸ್ಟರ್ ವಾಲ್ಯೂಮ್ ಎಲ್ಲಿದೆಯೋ ಅಲ್ಲಿಗೆ ಟೇಪಿನ ಗುರುತು ಹಾಕಿ. ಮಾನಿಟರ್ (ಸ್ಟೇಜ್ ಮೇಲೆ ನಿಮಗೆ ಕೇಳಿಸುವ ಸ್ಪೀಕರ್) ಸಾಲದಿದ್ದರೆ ಅವರನ್ನೇ ಕೇಳಿ. ಮಾಸ್ಟರ್ ಏರಿಸಿದರೆ ಸಭೆಗೂ ಏರುತ್ತದೆ. ಮುಗಿದ ಮೇಲೆ ಕೀಬೋರ್ಡಿನ ಕೇಬಲ್ ಕೀಳುವ ಮುನ್ನ ಇಂಜಿನಿಯರ್ ಚಾನೆಲ್ ಮ್ಯೂಟ್ ಮಾಡಿದ್ದನ್ನು ಖಚಿತಪಡಿಸಿಕೊಳ್ಳಿ, ಸ್ಟೇಜ್ ಮೇಲೆ ತೋಚಿದ ತಿದ್ದುಪಡಿಗಳನ್ನು ಅಂದೇ ಹಾಳೆಯ ಮೇಲೆ ಬರೆದಿಡಿ.