ಮಳೆಗಾಲದಲ್ಲಿ ಗ್ರೂಮಿಂಗ್ ಮುಗಿಸಿ ಬಂದ ನಾಯಿಯ ಆರೈಕೆ

ಶಿವಮೊಗ್ಗದಲ್ಲಿ ಸ್ನಾನ, ಕೂದಲು, ಉಗುರು ಎಲ್ಲವನ್ನೂ ಮುಗಿಸಿಕೊಂಡು ತೀರ್ಥಹಳ್ಳಿ, ಹೊಸನಗರದ ಕಡೆಯ ಮನೆಗೆ ಮರಳಿದ ನಾಯಿಯನ್ನು ಕನಿಷ್ಠ ಮೂರು ದಿನ ನಿಗಾ ಇಟ್ಟು ನೋಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಮೇಲ್ಗೂದಲು ಒಣಗಿದಂತೆ ಕಂಡರೂ ಬುಡದಲ್ಲಿ ತೇವ ಉಳಿದಿರುತ್ತದೆ. ಆದ್ದರಿಂದ ಬಂದ ಕೂಡಲೇ ಕಿವಿಯ ಹಿಂದೆ, ಕಂಕುಳಲ್ಲಿ, ಬಾಲದ ಬುಡದಲ್ಲಿ ಬೆರಳಿನಿಂದ ಕೂದಲು ಬಿಡಿಸಿ ನೋಡಿ, ತಣ್ಣಗಿದ್ದರೆ ಒಣ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ, ಗಾಳಿಯಾಡುವ ಬೆಚ್ಚಗಿನ ಜಾಗದಲ್ಲಿ ಮಲಗಿಸಬೇಕು. ಬಚ್ಚಲ ಒಲೆಯ ಬಳಿ ಕಟ್ಟಿಹಾಕುವುದು ಬೇಡ, ಹೊಗೆಯೂ ಕಿಡಿಯೂ ಅದಕ್ಕೆ ಒಳ್ಳೆಯದಲ್ಲ.

ಚರ್ಮ ಕೆಂಪಾಗಿ, ಕೂದಲು ಅಂಟಿಕೊಂಡು, ನಾಯಿ ಒಂದೇ ಕಡೆ ನೆಕ್ಕುತ್ತಿದ್ದರೆ ಅಲ್ಲಿ ಹಸಿ ಹುಣ್ಣು ಆರಂಭವಾಗಿದೆ ಎಂದು ತಿಳಿಯಬೇಕು. ಅದಕ್ಕೆ ಎಣ್ಣೆ ಹಚ್ಚಿದರೆ ತೇವ ಒಳಗೇ ಕಟ್ಟಿಕೊಳ್ಳುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು ಬೆನ್ನುನೋವಿನಂತೆ ಕಾಣುವ ಒಂದು ಸೋಂಕಿನ ಬಗ್ಗೆ. ಸ್ನಾನವಾದ ಒಂದೆರಡು ದಿನಗಳಲ್ಲಿ ನಾಯಿ ಮಂಕಾಗಿ, ಬೆನ್ನು ಮುಟ್ಟಿದರೆ ಕುಂಯ್‌ಗುಟ್ಟಿ, ಜ್ವರದಿಂದ ಊಟ ಬಿಟ್ಟರೆ, ಎಲ್ಲೋ ಉಳುಕಿದೆ ಎಂದು ಸುಮ್ಮನಿರಬಾರದು. ಕೂದಲಿನ ದಿಕ್ಕಿಗೆ ವಿರುದ್ಧವಾಗಿ ಗಟ್ಟಿಯಾಗಿ ಉಜ್ಜಿದಾಗ, ಅಥವಾ ನೀರು ಬೆರೆಸಿ ದಿನಗಟ್ಟಲೆ ಇಟ್ಟ ಶಾಂಪೂವಿನಲ್ಲಿ ಬ್ಯಾಕ್ಟೀರಿಯಾ ಬೆಳೆದಿದ್ದಾಗ, ಕೂದಲಿನ ಬುಡಗಳು ಆಳದಲ್ಲಿ ಕೀವುಗಟ್ಟುವುದುಂಟು. ಮೈಮೇಲೆ ಗುಳ್ಳೆ ಕಾಣುವ ಮೊದಲೇ ನೋವು ಶುರುವಾಗಬಹುದು. ನಾಯಿಯ ಸಹಜ ಉಷ್ಣಾಂಶ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಡಿಜಿಟಲ್ ಥರ್ಮಾಮೀಟರಿನ ತುದಿಗೆ ತುಸು ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲಿಟ್ಟು ನೋಡಿದಾಗ 103 ದಾಟಿದ್ದರೆ ಅಂದೇ ವೈದ್ಯರಿಗೆ ತೋರಿಸಬೇಕು. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಮಾತ್ರೆಯನ್ನು ಕೊಡಲೇಬಾರದು, ಅವು ನಾಯಿಗೆ ವಿಷವಾಗಬಲ್ಲವು.

ತಲೆ ಕೊಡವುವುದು, ಕಿವಿಯಲ್ಲಿ ವಾಸನೆ ಅಥವಾ ಕಂದು ಗುಗ್ಗೆ ಕಂಡರೆ ನೀರು ಒಳಸೇರಿರಬಹುದು. ಬಡ್ಸ್ ತೂರಿಸದೆ ವೈದ್ಯರ ಬಳಿ ಹೋಗಬೇಕು. ಉಗುರಿನಿಂದ ರಕ್ತ ಬಂದರೆ ಶುದ್ಧ ಬಟ್ಟೆಯಿಂದ ಐದು ನಿಮಿಷ ಒತ್ತಿಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಒಸಡು ಬಿಳಿಚುವುದು, ಮೂಗಿನಿಂದ ರಕ್ತ ಬರುವುದು ಗ್ರೂಮಿಂಗಿನ ಫಲವಲ್ಲ. ಅವು ಹೆಚ್ಚಾಗಿ ಹಿಂದೆಂದೋ ಕಚ್ಚಿದ ಉಣ್ಣೆಗಳಿಂದ ಬರುವ ಜ್ವರದ ಲಕ್ಷಣಗಳಾಗಿರುತ್ತವೆ, ಆಗ ರಕ್ತಪರೀಕ್ಷೆ ತಡಮಾಡಬಾರದು. ಉಣ್ಣೆ ತಡೆಯಲು ಬೆನ್ನಿಗೆ ಬಿಡುವ ಔಷಧವನ್ನು ಸ್ನಾನದ ನಂತರ ಎಷ್ಟು ಹೊತ್ತಿಗೆ ಹಾಕಬೇಕೆಂಬುದನ್ನೂ ಆಗಲೇ ಕೇಳಿಕೊಳ್ಳಬೇಕು.

ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕಾಗಲಿ ಹತ್ತಿರದ ಪಶು ಆಸ್ಪತ್ರೆಗಾಗಲಿ ಕರೆದೊಯ್ಯುವಾಗ ಸ್ನಾನದ ದಿನಾಂಕ, ಬಳಸಿದ ಶಾಂಪೂವಿನ ಹೆಸರು, ಲಕ್ಷಣ ಮೊದಲು ಕಂಡ ಹೊತ್ತು ಇವನ್ನು ಬರೆದಿಟ್ಟುಕೊಂಡು ಹೋಗಿ.