ಮೊದಲು ನಮ್ಮವರು ಎಲ್ಲಿದ್ದಾರೆ ಹೇಳಿ

ಗನ್‌ಶಿಪ್ (ದಾಳಿ ಹೆಲಿಕಾಪ್ಟರ್) ಅಂದಕೂಡಲೇ ಜನ ಕೇಳುವುದು ರಾಕೆಟ್‌ಗಳ ಬಗ್ಗೆ. ಶ್ರೀಲಂಕಾದಲ್ಲಿ ಭಾರತೀಯ ಶಾಂತಿಪಾಲನಾ ಪಡೆಗೆ ಬೆಂಬಲವಾಗಿ ಎಂಐ-25 ಎಂಬ ಅಂಥ ಹೆಲಿಕಾಪ್ಟರ್ ಹಾರಿಸಿದ ನಮಗೆ ಹೆಚ್ಚಿನ ಹೊತ್ತು ಹೋಗುತ್ತಿದ್ದುದು ಕಾಡಿನೊಳಗೆ ನಮ್ಮ ಹುಡುಗರು ಎಲ್ಲಿದ್ದಾರೆಂದು ಪತ್ತೆ ಹಚ್ಚುವುದಕ್ಕೆ. ಅದು ಖಚಿತವಾದ ಮೇಲೆ ಗುಂಡು ಹಾರಿಸುವುದು ಕೆಲವೇ ಸೆಕೆಂಡುಗಳ ಕೆಲಸ.

1987ರ ಜುಲೈ 29ರಂದು ಭಾರತ-ಶ್ರೀಲಂಕಾ ಒಪ್ಪಂದಕ್ಕೆ ಸಹಿ ಬಿತ್ತು. ಅಕ್ಟೋಬರ್‌ನಲ್ಲಿ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಜೊತೆ ಯುದ್ಧವೇ ಶುರುವಾಯಿತು. ಜಾಫ್ನಾ ಕಾಳಗ ಮುಗಿದ ಮೇಲೂ ಅದರ ದಕ್ಷಿಣಕ್ಕಿರುವ ವನ್ನಿ ಪ್ರದೇಶದ ಕಾಡುಗಳಲ್ಲಿ ಹೋರಾಟ ನಿಲ್ಲಲಿಲ್ಲ. ನಾನು ಹೇಳುತ್ತಿರುವುದು ಆ ಕಾಡುಗಳ ಮೇಲೆ ಹಾರಿದ ಕಾಲದ ಮಾತು.

ನಾನು ಕೂರುತ್ತಿದ್ದುದು ಮುಂದಿನ ಕಾಕ್‌ಪಿಟ್‌ನಲ್ಲಿ. ಪೈಲಟ್ ನನ್ನ ಹಿಂದೆ, ತುಸು ಎತ್ತರದಲ್ಲಿ. ಮೂತಿಯ ಕೆಳಗಿನ ನಾಲ್ಕು ನಳಿಗೆಗಳ 12.7 ಮಿ.ಮೀ. ಗನ್ ನನ್ನ ಕೈಯಲ್ಲಿತ್ತು. ಅದರಲ್ಲಿ 1,470 ಗುಂಡುಗಳು, ನಿಮಿಷಕ್ಕೆ 4,000ಕ್ಕೂ ಹೆಚ್ಚು ಹಾರಿಸುವ ವೇಗ. ಒತ್ತಿ ಹಿಡಿದರೆ ಸುಮಾರು ಇಪ್ಪತ್ತು ಸೆಕೆಂಡಿನಲ್ಲಿ ಎಲ್ಲ ಖಾಲಿ. ಹಾಗಾಗಿ ಕ್ಷಣ ಒತ್ತಿ ಬಿಡಬೇಕು, ನೋಡಬೇಕು, ಮತ್ತೆ ಒತ್ತಬೇಕು. ರಾಕೆಟ್‌ಗಳು ಪೈಲಟ್‌ನದು: 57 ಮಿ.ಮೀ.ನವು, ನಾಲ್ಕು ಪಾಡ್‌ಗಳಲ್ಲಿ (ರಾಕೆಟ್ ತುಂಬುವ ಗೂಡುಗಳಲ್ಲಿ) ತಲಾ 32. ಇಡೀ ಹೆಲಿಕಾಪ್ಟರನ್ನೇ ಗುರಿಯತ್ತ ತಿರುಗಿಸಿ ಬಿಡಬೇಕು. ಅವು ಚದುರಿ ಬೀಳುತ್ತವೆ; ಕೆಲವು ಮರದ ಕೊಂಬೆಗೆ ತಗುಲಿ ಮೇಲೆಯೇ ಸಿಡಿಯುತ್ತವೆ. ನಮ್ಮವರು ಹತ್ತಿರವಿದ್ದರೆ ನಾವು ರಾಕೆಟ್ ಮುಟ್ಟುತ್ತಿರಲಿಲ್ಲ.

ಎಂಐ-25 ಒಂದೆಡೆ ತೇಲುತ್ತಾ ನಿಂತು ಹೋರಾಡುವ ಯಂತ್ರವಲ್ಲ. ಅದರ ಗಿಡ್ಡ ರೆಕ್ಕೆಗಳು ವೇಗವಿದ್ದಾಗ ಮಾತ್ರ ಭಾರ ಹೊರುತ್ತವೆ. ಆ ಸೆಕೆಗೆ, ಆ ಭಾರಕ್ಕೆ ನಿಂತಲ್ಲೇ ನಿಲ್ಲುವುದೆಂದರೆ ಕೆಳಗಿನ ಮಷಿನ್‌ಗನ್‌ಗಳಿಗೆ ಮೈಯೊಡ್ಡಿದಂತೆ. ಆದ್ದರಿಂದ ಓಡುತ್ತಲೇ ಬರಬೇಕು, ದಾಟಬೇಕು, ತಿರುಗಿ ಮತ್ತೆ ಬರಬೇಕು. ಒಂದು ಸುತ್ತಿಗೆ ನೆಲ ನೋಡಲು ಸಿಗುವುದು ಅತಿ ಕಡಿಮೆ ಹೊತ್ತು. ನಕ್ಷೆಯನ್ನು ಹೊರಡುವ ಮೊದಲೇ ತಲೆಯಲ್ಲಿ ಇಳಿಸಿಕೊಂಡಿರಬೇಕಿತ್ತು. ಆಗ ನಮ್ಮಲ್ಲಿ ಜಿಪಿಎಸ್ ಇರಲಿಲ್ಲ. ವನ್ನಿಯಲ್ಲಿ ನನಗೆ ಆಧಾರ ಅಲ್ಲಿನ ಕೆರೆಗಳು. ಮೇಲಿನಿಂದ ಕಾಡೆಲ್ಲ ಒಂದೇ ಹಸಿರು. ಆದರೆ ಏರಿಯ ಬಾಗು, ಕೋಡಿಯ ದಿಕ್ಕು ಪ್ರತಿ ಕೆರೆಗೂ ಬೇರೆ.

ರೇಡಿಯೋದಲ್ಲಿ ಕೆಳಗಿನ ಅಧಿಕಾರಿಯ ದನಿ ಸಿಕ್ಕಾಗ ನನ್ನ ಮೊದಲ ಪ್ರಶ್ನೆ ಶತ್ರುವಿನ ಬಗ್ಗೆ ಅಲ್ಲ. "ಮೊದಲು ನಿಮ್ಮವರು ಎಲ್ಲಿದ್ದಾರೆ ಹೇಳಿ. ಎಲ್ಲರೂ." ಆ "ಎಲ್ಲರೂ" ಎಂಬುದಕ್ಕೆ ಉತ್ತರ ಬರಲು ತಡವಾಗುತ್ತಿತ್ತು. ಮುಂದೆ ಹೋದ ಸೆಕ್ಷನ್ (ಸಣ್ಣ ತುಕಡಿ), ಗಾಯಾಳುವನ್ನು ಎಳೆದು ತರಲು ಹೋದ ಇಬ್ಬರು, ಬದಿಯ ಕಾವಲು, ಇವರನ್ನೆಲ್ಲ ಲೆಕ್ಕ ಹಾಕಿ ಹೇಳಬೇಕು. ಗುಂಡಿನ ನಡುವೆ ಮಲಗಿರುವವನಿಗೆ ಅದು ಸುಲಭವಲ್ಲ. ಅವಸರಪಡಿಸದೆ ಕಾಯುವುದೂ ನಮ್ಮ ಕೆಲಸವೇ ಆಗಿತ್ತು.

ಆಮೇಲೆ ಹೊಗೆ, ತಾವಿರುವ ಜಾಗ ತೋರಿಸಲು ಕೆಳಗಿನವರು ಬಿಡುವ ಬಣ್ಣದ ಹೊಗೆ. ಬಣ್ಣವನ್ನು ಅವರು ಮೊದಲೇ ಹೇಳಬಾರದು. ರೇಡಿಯೋವನ್ನು ಎದುರಾಳಿಯೂ ಕೇಳುತ್ತಿರಬಹುದು, ಅದೇ ಬಣ್ಣದ ಹೊಗೆಯನ್ನು ಅವನೂ ಎಸೆಯಬಹುದು. ಅವರು ಹೊಗೆ ಬಿಡುತ್ತಾರೆ, ನಾನು ಕಂಡ ಬಣ್ಣ ಹೇಳುತ್ತೇನೆ, ಅವರು ಹೌದೆನ್ನುತ್ತಾರೆ. ಆದರೂ ದಟ್ಟ ಕಾಡಿನಲ್ಲಿ ಹೊಗೆಯನ್ನು ಹಾಗೇ ನಂಬಬಾರದು. ಅದು ಎಲೆಗಳಡಿ ಹರಿದು, ಗಾಳಿ ಎಳೆದತ್ತ ಹೋಗಿ, ಇನ್ನೆಲ್ಲೋ ಮೇಲೇಳುತ್ತದೆ. ಅದಕ್ಕೇ ನಾನು ಸಾಲಿನ ಎರಡು ತುದಿಯಲ್ಲೂ ಹೊಗೆ ಕೇಳುತ್ತಿದ್ದೆ. ಎರಡು ಕಂಡರೆ ನಮ್ಮವರ ಸಾಲು ಯಾವ ದಿಕ್ಕಿಗೆ ಹಬ್ಬಿದೆ ಎಂಬುದೂ ತಿಳಿಯುತ್ತದೆ.

ಆ ದಿಕ್ಕು ಗೊತ್ತಾದರೆ ನಮ್ಮ ದಾರಿಯೂ ತೀರ್ಮಾನವಾದಂತೆ. ನಾವು ಹಾರುತ್ತಿದ್ದುದು ಸಾಲಿಗೆ ಸಮಾನಾಂತರವಾಗಿ. ಗುಂಡು ದಾರಿ ತಪ್ಪಿದರೆ ಹೆಚ್ಚಾಗಿ ಹಿಂದೆ ಅಥವಾ ಮುಂದೆ ಬೀಳುತ್ತದೆ, ಪಕ್ಕಕ್ಕೆ ಅಷ್ಟು ಸರಿಯುವುದಿಲ್ಲ. ನಮ್ಮವರ ತಲೆಯ ಮೇಲಿಂದ ಹಾರಿಸಿದರೆ ಆ ತಪ್ಪೆಲ್ಲ ಅವರ ಮೇಲೆಯೇ. ಮೊದಲ ಗುಂಡು ಬೇಕೆಂದೇ ದೂರಕ್ಕೆ. ಕೆಳಗಿನವರು "ಇನ್ನೂ ಹತ್ತಿರ" ಎಂದಂತೆ ಹತ್ತಿರಕ್ಕೆ ತರುತ್ತಿದ್ದೆ.

ಮುಲ್ಲೈತ್ತೀವು ಕಡೆಯ ಕಾಡಿನಲ್ಲಿ ಒಂದು ಕಂಪನಿ ಹೊಂಚಿಗೆ ಸಿಕ್ಕಿತ್ತು. ಎದುರಾಳಿಗಳು ನಮ್ಮವರಿಗೆ ತೀರ ಹತ್ತಿರ ನುಗ್ಗಿದ್ದರು. ಹಾಗೆ ಅಂಟಿಕೊಂಡರೆ ಹೆಲಿಕಾಪ್ಟರ್ ಏನೂ ಮಾಡಲಾರದು ಎಂದು ಅವರಿಗೆ ಗೊತ್ತಿತ್ತು. ಕಂಪನಿ ಕಮಾಂಡರ್ ಗುಂಡು ಕೇಳಿದರು. ಒಂದು ಸೆಕ್ಷನ್ ಎಲ್ಲಿದೆ ಎಂದು ಅವರಿಗೇ ಖಚಿತವಿರಲಿಲ್ಲ. ನಾನು ಹಾರಿಸಲಿಲ್ಲ. ಪೈಲಟ್ ಮರದ ತುದಿ ಸವರುವಷ್ಟು ಕೆಳಗಿಳಿದು ಮತ್ತೆ ಮತ್ತೆ ದಾಟಿದರು. ಆ ಸದ್ದಿಗೆ ಗುಂಡಿನ ದಾಳಿ ಸಡಿಲವಾಯಿತು. ಕಾಣೆಯಾದ ಸೆಕ್ಷನ್ ಕೆರೆ ಏರಿಯ ಹಿಂದಿನಿಂದ ಹೊಗೆ ಬಿಟ್ಟ ಮೇಲೆಯೇ, ಹಿಂದೆ ಸರಿಯುತ್ತಿದ್ದವರ ದಾರಿಯ ಮೇಲೆ ಗನ್ ತೆರೆದೆ. ಅಷ್ಟರಲ್ಲಿ ಕೆಳಗೆ ಒಬ್ಬ ಜವಾನ ತೀರಿಕೊಂಡಿದ್ದ. ಆ ಕಾಯುವಿಕೆಯ ಬಗ್ಗೆ ಬಹಳ ಯೋಚಿಸಿದ್ದೇನೆ. ಇಂದೂ ಅದೇ ಮಾಡುತ್ತಿದ್ದೆ.

ಹಳ್ಳಿಗಳ ವಿಷಯದಲ್ಲೂ ಅಷ್ಟೇ. ಆ ಯುದ್ಧದಲ್ಲಿ ತಮಿಳು ಜನಸಾಮಾನ್ಯರು ಬಹಳ ಸತ್ತರು, ಮನೆ ಕಳೆದುಕೊಂಡರು. ತಾಳೆಗರಿ ಬೇಲಿಯ ಹಿಂದೆ ಯಾರಿದ್ದಾರೆಂದು ಮೇಲಿನಿಂದ ತಿಳಿಯುವುದಿಲ್ಲ. ತಿಳಿಯದ ಕಡೆ ನಾನು ಗುಂಡಿ ಒತ್ತಲು ಒಪ್ಪುತ್ತಿರಲಿಲ್ಲ.

ಮುಲ್ಲೈತ್ತೀವು ಕಾಡಿನ ಆ ದಿನದ ನಂತರ ಒಂದು ಪದ್ಧತಿ ಬೆಳೆಸಿಕೊಂಡೆವು. ಎಂಐ-25ರ ಕ್ಯಾಬಿನ್‌ನಲ್ಲಿ ಎಂಟು ಜನ ಕೂರಬಹುದು. ಕಾರ್ಯಾಚರಣೆ ಇಲ್ಲದಾಗ ಪದಾತಿದಳದ ಅಧಿಕಾರಿಗಳನ್ನು, ರೇಡಿಯೋ ಹೊರುವ ಹುಡುಗರನ್ನು ಹತ್ತಿಸಿಕೊಂಡು ಅವರದೇ ಕಾಡಿನ ಮೇಲೆ ಸುತ್ತಿಸುತ್ತಿದ್ದೆವು. ತಾವು ನಿತ್ಯ ನಡೆಯುವ ದಾರಿ ಮೇಲಿನಿಂದ ಕಾಣಿಸುವುದೇ ಇಲ್ಲ ಎಂದು ಅವರಿಗೆ ಅಚ್ಚರಿಯಾಗುತ್ತಿತ್ತು. ಮುಂಚೆ "ದೊಡ್ಡ ಮರದ ಎಡಕ್ಕೆ" ಎನ್ನುತ್ತಿದ್ದವರು ಆಮೇಲೆ "ಕೆರೆಯ ಕೋಡಿಯಿಂದ ಪೂರ್ವಕ್ಕೆ 300 ಮೀಟರ್, ಸಾಲು ಉತ್ತರ-ದಕ್ಷಿಣ" ಎಂದು ಹೇಳತೊಡಗಿದರು. ಅಂಥ ಮಾತು ಕಿವಿಗೆ ಬಿದ್ದರೆ ಎರಡನೇ ಸುತ್ತಿಗೇ ನಾವು ಸಿದ್ಧರಿರುತ್ತಿದ್ದೆವು.