ಮೈನ್‌ಕ್ರಾಫ್ಟ್ ಹಾರ್ಡ್‌ಕೋರ್: ಇರುವ ಒಂದೇ ಜೀವ ಉಳಿಸಿಕೊಳ್ಳುವುದು ಹೇಗೆ?

ಮೈನ್‌ಕ್ರಾಫ್ಟ್ ಆಟದ ಹಾರ್ಡ್‌ಕೋರ್ ಮೋಡ್‌ನಲ್ಲಿ ಸತ್ತರೆ ಮುಗಿಯಿತು. ಕಟ್ಟಿದ ಮನೆ, ಕೂಡಿಟ್ಟ ವಜ್ರ ಎಲ್ಲವನ್ನೂ ಪ್ರೇಕ್ಷಕರಂತೆ ನೋಡಬಹುದಷ್ಟೇ. ಅದಕ್ಕೇ ಇಲ್ಲಿ ಗುಹೆಗೆ ಇಳಿಯುವಾಗ ಎದೆ ಢವಢವ ಎನ್ನುವುದು. ಆ ಸುಖ ಬೇರೆ ಮೋಡ್‌ಗಳಲ್ಲಿ ಸಿಗದು.

ಆಳದ ಗಣಿಗೆ ಹೋಗುವ ಮುನ್ನ 28 ಕಬ್ಬಿಣದ ಗಟ್ಟಿ ಹೊಂದಿಸಿ: ಪೂರ್ತಿ ಕವಚಕ್ಕೆ 24, ಬಕೆಟ್‌ಗೆ 3, ಗುರಾಣಿಗೆ 1. ಗುರಾಣಿಗೆ 6 ಹಲಗೆಯೂ ಬೇಕು, ಮೊದಲು ಅದನ್ನೇ ಮಾಡಿ. ಹತ್ತಿರ ಬಂದು ಸ್ಫೋಟಿಸುವ ಕ್ರೀಪರ್ ಬುಸುಗುಟ್ಟಿದಾಗ ಓಡಲು ಜಾಗವಿಲ್ಲವೇ? ಅದರತ್ತ ತಿರುಗಿ ಗುರಾಣಿ ಎತ್ತಿ. ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ ಸ್ಫೋಟದ ಪೆಟ್ಟು ತಾಗದು.

ಬೀಳುವುದರ ಬಗ್ಗೆ ಇನ್ನೂ ಎಚ್ಚರ ಬೇಕು. 23 ಬ್ಲಾಕ್ ಎತ್ತರದಿಂದ ಬಿದ್ದರೆ ಜೀವ ತೋರಿಸುವ ಹತ್ತೂ ಹೃದಯ ಖಾಲಿ, ಬರಿಯ ಕಬ್ಬಿಣದ ಕವಚ ಕಾಯುವುದಿಲ್ಲ. ಅಂಚಿನಲ್ಲಿ ಶಿಫ್ಟ್ ಒತ್ತಿಕೊಂಡೇ ನಡೆಯಿರಿ. ಇಲ್ಲಿ ಹಸಿವೂ ಕೊಲ್ಲುತ್ತದೆ. ಸಾಯುವ ಹೊಡೆತದಿಂದ ಒಮ್ಮೆ ಉಳಿಸುವ ಟೋಟೆಮ್ ಸಿಕ್ಕರೆ ಎಡಗೈಯಲ್ಲಿ ಹಿಡಿದಿರಿ. ಚೀಲದಲ್ಲಿದ್ದರೆ ಕೆಲಸಕ್ಕೆ ಬಾರದು.

ಒಂದು ಕ್ಷಣ ಆಟ ತಡವರಿಸಿದರೂ ತಿಂಗಳುಗಳ ಶ್ರಮ ಹೋಗಬಹುದು, ಇದು ನಿಜಕ್ಕೂ ಅನ್ಯಾಯ. ಸಾವಿನ ಭಯಕ್ಕೆ ನೆದರ್ ಎಂಬ ಬೆಂಕಿಯ ಲೋಕಕ್ಕೆ ಕಾಲಿಡದೆ ಹೊಲದಲ್ಲೇ ಉಳಿದುಬಿಡುವುದು ಇನ್ನೊಂದು ನಷ್ಟ. ಆಟ ಉಳಿದಿರುವ ಸೇವ್ಸ್ ಫೋಲ್ಡರಿನ ಪ್ರತಿಯನ್ನು ವಾರಕ್ಕೊಮ್ಮೆ ತೆಗೆದಿಡಿ, ಆದರೆ ಕಡತ ಕೆಟ್ಟಾಗ ಮಾತ್ರ ಬಳಸಿ.